ಹಿಮಾದ್ರಿಯಲ್ಲಿ ಒಂದು ಬೇಸಿಗೆ: ಕರಡಿ, ನರಿ, ಹೆಬ್ಬಾತುಗಳ ಊರಿನ ದಿನಚರಿ (ಪ್ರಶ್ನೆ ಇದ್ದರೆ ಕೇಳಿ)

ಫ್ಯೋರ್ಡ್ ಕೆಸರು:
ಪ್ರವಾಸದ ಎಳೆಯಲ್ಲಿ ಯಾರೋ "ಉತ್ತರ ಧ್ರುವದ ಕಡೆ ಹೋಗಿ ಬಂದವರು ಇದ್ದೀರಾ" ಎಂದು ಕೇಳಿದ್ದರು. ಅಲ್ಲೇ ಉತ್ತರ ಬರೆಯಲು ಕೂತೆ, ಜಾಸ್ತಿ ಉದ್ದವಾಯಿತು. ಅದಕ್ಕೇ ಬೇರೆ ಎಳೆ.

ನಾನು ಬೇಸಿಗೆಯ ತಂಡದಲ್ಲಿ ಹಿಮಾದ್ರಿಗೆ ಹೋಗಿದ್ದೆ. ಆರ್ಕ್‌ಟಿಕ್‌ನಲ್ಲಿರುವ ನಮ್ಮ ದೇಶದ ಸಂಶೋಧನಾ ಕೇಂದ್ರ ಅದು. ಗೋವಾದ ಎನ್‌ಸಿಪಿಒಆರ್ ಎಂಬ ಧ್ರುವ ಮತ್ತು ಸಾಗರ ಸಂಶೋಧನಾ ಸಂಸ್ಥೆ ನಡೆಸುತ್ತದೆ. ಶುರುವಾಗಿದ್ದು 2008ರ ಜುಲೈ 1ರಂದು. ಜಾಗ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿರುವ ನ್ಯೂ ಒಲೆಸುಂಡ್, ಹತ್ತಿರಹತ್ತಿರ 79 ಡಿಗ್ರಿ ಉತ್ತರ. ಅಲ್ಲಿಂದ ಧ್ರುವಕ್ಕೆ ಸುಮಾರು 1,200 ಕಿಲೋಮೀಟರ್.

ಹಿಮದ ನಡುವೆ ಒಂಟಿ ಡಬ್ಬಿ ಅಂದುಕೊಳ್ಳಬೇಡಿ. ಅದು ಅಂಟಾರ್ಕ್‌ಟಿಕಾದ ಕಥೆ. ಇದು ಊರೇ. ಮೊದಲು ಕಲ್ಲಿದ್ದಲು ಗಣಿ ಇತ್ತು. 1962ರಲ್ಲಿ ಗಣಿಯಲ್ಲಿ ಸ್ಫೋಟವಾಗಿ 21 ಜನ ಸತ್ತರು, ಆಮೇಲೆ ಗಣಿ ಮುಚ್ಚಿತು. ಈಗ ಅದೇ ಊರಲ್ಲಿ ನಾರ್ವೆ, ಜರ್ಮನಿ, ಫ್ರಾನ್ಸ್, ಬ್ರಿಟನ್, ನೆದರ್ಲೆಂಡ್ಸ್, ಇಟಲಿ, ಜಪಾನ್, ಕೊರಿಯಾ, ಚೀನಾ ಮತ್ತು ನಮ್ಮ ಕೇಂದ್ರಗಳಿವೆ. ಚೀನಾದವರ ಬಾಗಿಲಲ್ಲಿ ಎರಡು ಕಲ್ಲಿನ ಸಿಂಹ ಕೂತಿವೆ. ಗಣಿ ಕಾಲದ ಉಗಿಬಂಡಿಯೊಂದು ದಡದ ಹತ್ತಿರ ನಿಂತಿದೆ. ಬೇಸಿಗೆಯಲ್ಲಿ ಜನ ನೂರು ದಾಟುತ್ತಾರೆ, ಚಳಿಗಾಲದಲ್ಲಿ ಮೂವತ್ತು ಚಿಲ್ಲರೆ. ಊಟ, ವಿದ್ಯುತ್, ದೋಣಿ ಎಲ್ಲ ನೋಡಿಕೊಳ್ಳುವುದು ಕಿಂಗ್ಸ್ ಬೇ ಎಂಬ ನಾರ್ವೆ ಸರ್ಕಾರದ ಕಂಪನಿ.

ನನ್ನ ಕೆಲಸ ಊರಿನ ಮುಂದಿನ ಫ್ಯೋರ್ಡ್, ಅಂದರೆ ನೆಲದೊಳಗೆ ಉದ್ದಕ್ಕೆ ಚಾಚಿದ ಕಡಲ ಕೊಲ್ಲಿ, ಕಾಂಗ್ಸ್‌ಫ್ಯೋರ್ಡ್‌ನ ತಳದಿಂದ ಕೆಸರು ತೆಗೆದು ಅದರಲ್ಲಿ ಯಾವ ಬ್ಯಾಕ್ಟೀರಿಯಾ ಇವೆ ಎಂದು ನೋಡುವುದು. ಅದನ್ನು ಯಾರೂ ಕೇಳುವುದಿಲ್ಲ ಅಂತ ಗೊತ್ತು. ಎಲ್ಲರಿಗೂ ಬೇಕಾಗಿರುವುದು ಕರಡಿ. ಕೇಳಿ, ಹೇಳುತ್ತೇನೆ.

ದಾವಣಗೆರೆ ಬೆಣ್ಣೆ:
ಮೊದಲ ಪ್ರಶ್ನೆ ನಂದೇ. ಕರಡಿ ನೋಡಿದ್ರಾ? ಎಷ್ಟು ಹತ್ತಿರದಿಂದ?

ಫ್ಯೋರ್ಡ್ ಕೆಸರು:
ನೋಡಿದೆ. ಹತ್ತಿರದಿಂದ ಅಲ್ಲ, ದೇವರ ದಯೆ. ಜೂನ್‌ನಲ್ಲಿ ಫ್ಯೋರ್ಡ್ ನಡುವಿನ ಪುಟ್ಟ ನಡುಗಡ್ಡೆಗಳಲ್ಲಿ ಐಡರ್ ಬಾತುಗಳು ನೆಲದ ಮೇಲೇ ಗೂಡು ಮಾಡಿ ಕಾವಿಗೆ ಕೂತಿರುತ್ತವೆ. ಒಂದು ದಿನ ಯಾರೋ ಕರೆದು ಟೆಲಿಸ್ಕೋಪ್ ತೋರಿಸಿದರು. ಕರಡಿಯೊಂದು ಈಜಿಕೊಂಡು ಬಂದು ಅಂಥದೊಂದು ನಡುಗಡ್ಡೆ ಹತ್ತಿತ್ತು.

ಬಿಳಿ ಅಂತೀವಲ್ಲ, ಬಿಳಿ ಅಲ್ಲವೇ ಅಲ್ಲ. ಹಳೆ ಬೆಡ್‌ಶೀಟ್ ಬಣ್ಣ. ಮೂತಿಯೆಲ್ಲ ಹಳದಿ ಲೋಳೆ. ಆತುರವೇ ಇರಲಿಲ್ಲ ಅದಕ್ಕೆ. ಒಂದು ಗೂಡಿನ ಹತ್ತಿರ ಹೋಗುತ್ತದೆ, ಬಾತು ಕೊನೆಯ ಕ್ಷಣದವರೆಗೂ ಕೂತಿದ್ದು ಹಾರುತ್ತದೆ, ಕರಡಿ ತಲೆ ತಗ್ಗಿಸುತ್ತದೆ, ಮೊಟ್ಟೆ ಖಾಲಿ, ಮುಂದಿನ ಗೂಡು. ಹಿಂದೆ ಹಿಂದೆ ದೊಡ್ಡ ಗಲ್ ಹಕ್ಕಿಗಳ ಗುಂಪು. ಬಾತು ಎದ್ದುಹೋದ ಗೂಡಿನಲ್ಲಿ ಕರಡಿ ಬಿಟ್ಟ ಮೊಟ್ಟೆ ಅವುಗಳ ಪಾಲು. ಸಂಜೆಯ ಹೊತ್ತಿಗೆ ಆ ನಡುಗಡ್ಡೆಯಲ್ಲಿ ಏನೂ ಉಳಿದಿರಲಿಲ್ಲ. ಸಂಜೆ ಅಂದೆ, ಸೂರ್ಯ ಇನ್ನೂ ಮೇಲೇ ಇದ್ದ ಅನ್ನಿ.

ಮೊದಲು ಇಷ್ಟು ಜಾಸ್ತಿ ಇರಲಿಲ್ಲವಂತೆ. ಕರಡಿಗೆ ಬೇಕಾದ್ದು ಸೀಲ್, ಸೀಲ್ ಹಿಡಿಯಲು ಬೇಕಾದ್ದು ಸಮುದ್ರದ ಮೇಲಿನ ಮಂಜುಗಡ್ಡೆ. 2006ರಿಂದೀಚೆಗೆ ಕಾಂಗ್ಸ್‌ಫ್ಯೋರ್ಡ್ ಮೊದಲಿನಂತೆ ಗಟ್ಟಿಯಾಗಿ ಹೆಪ್ಪುಗಟ್ಟುವುದೇ ಅಪರೂಪ. ಅಟ್ಲಾಂಟಿಕ್‌ನ ಬೆಚ್ಚಗಿನ ನೀರು ಒಳಗೆ ನುಗ್ಗುತ್ತದೆ. ಮಂಜುಗಡ್ಡೆ ಇಲ್ಲದ ಕರಡಿ ದಡದಲ್ಲಿ ಸಿಕ್ಕಿದ್ದನ್ನು ತಿನ್ನುತ್ತದೆ. ಮೊಟ್ಟೆಯಿಂದ ಅದರ ಹೊಟ್ಟೆ ವರ್ಷವಿಡೀ ತುಂಬುವುದಿಲ್ಲ. ಆದರೆ ಬಾತುಗಳ ಆ ವರ್ಷದ ಸಂಸಾರ ಮುಗಿದೇ ಹೋಗುತ್ತದೆ.

ಟ್ರೊಮ್ಸೊ ಕನ್ನಡತಿ:
ನಾನು ನಾರ್ವೆಯ ಟ್ರೊಮ್ಸೊದಲ್ಲಿ ಓದುತ್ತಿದ್ದೇನೆ, ಸ್ವಾಲ್ಬಾರ್ಡ್‌ಗೆ ಕೋರ್ಸ್‌ಗಾಗಿ ಹೋಗಿದ್ದೆ. ಒಂದು ಮಾತು ಸೇರಿಸುತ್ತೇನೆ. ಕರಡಿ ನೋಡಲು ಹತ್ತಿರ ಹೋಗುವುದು ಈಗ ಕಾನೂನಿಗೂ ವಿರುದ್ಧ. 2025ರಿಂದ ಕನಿಷ್ಠ 300 ಮೀಟರ್ ದೂರ ಇರಲೇಬೇಕು. ಮಾರ್ಚ್‌ನಿಂದ ಜೂನ್ ಕೊನೆಯವರೆಗೆ 500 ಮೀಟರ್. ನೀವು ದೂರದಲ್ಲಿದ್ದಾಗ ಅದೇ ಹತ್ತಿರ ಬಂದರೂ ಹಿಂದೆ ಸರಿಯಬೇಕಾದವರು ನೀವೇ.

ಸಕಲೇಶಪುರದ ಕಾಫಿ:
ಅಕ್ಕ, ನಿಮ್ಮ ಕೈಯಲ್ಲಿ ಬಂದೂಕು ಕೊಟ್ಟಿದ್ರಾ? ಇಲ್ಲ ನಾರ್ವೆಯ ಗಾರ್ಡ್ ಜೊತೆಗೆ ಬರ್ತಿದ್ರಾ?

ಫ್ಯೋರ್ಡ್ ಕೆಸರು:
ಗಾರ್ಡ್ ಇಲ್ಲ, ನಾವೇ. ಊರಿನ ಗಡಿ ದಾಟಬೇಕಾದರೆ ತಂಡದಲ್ಲಿ ರೈಫಲ್ ಮತ್ತು ಸಿಗ್ನಲ್ ಪಿಸ್ತೂಲ್ ಇರಲೇಬೇಕು. ಹೋದ ಹೊಸದರಲ್ಲೇ ಶೂಟಿಂಗ್ ತರಬೇತಿ. ಜೀವಮಾನದಲ್ಲಿ ದೀಪಾವಳಿಯ ಪಿಸ್ತೂಲ್ ಬಿಟ್ಟು ಬೇರೆ ಮುಟ್ಟದ ನಾನು ಹಲಗೆಯ ಗುರಿಗೆ ಗುಂಡು ಹಾರಿಸಿದೆ. ಭುಜ ನೋಯುತ್ತದೆ, ಕಿವಿಗೆ ಮುಚ್ಚಳ ಹಾಕಿದ್ದರೂ ಎದೆ ಝಲ್ಲೆನ್ನುತ್ತದೆ.

ಆದರೆ ಕಲಿಸುವವರು ಒತ್ತಿ ಹೇಳುವುದು ಗುರಿ ಇಡುವುದನ್ನಲ್ಲ. ಸುತ್ತ ನೋಡುತ್ತಿರು, ಗುಂಪು ಬಿಟ್ಟು ಹೋಗಬೇಡ, ಕರಡಿ ದೂರದಲ್ಲಿ ಕಂಡಾಗಲೇ ಜಾಗ ಖಾಲಿ ಮಾಡು. ಅದು ಬಂದೇ ಬಂದರೆ ಸಿಗ್ನಲ್ ಪಿಸ್ತೂಲಿನ ಶಬ್ದ, ಬೆಳಕು. ರೈಫಲ್ ಕೊಟ್ಟಕೊನೆಗೆ. ಕರಡಿಗೆ 1973ರಿಂದ ಪೂರ್ತಿ ರಕ್ಷಣೆ ಇದೆ. ಯಾರಾದರೂ ಹೊಡೆದರೆ ಸ್ವಾಲ್ಬಾರ್ಡ್ ಗವರ್ನರ್ ಕಚೇರಿಯಿಂದ ತನಿಖೆ ಆಗುತ್ತದೆ. ಭಯ ಸುಳ್ಳಲ್ಲ. 2011ರಲ್ಲೂ 2020ರಲ್ಲೂ ಸ್ವಾಲ್ಬಾರ್ಡ್‌ನಲ್ಲಿ ಡೇರೆಯಲ್ಲಿ ಮಲಗಿದ್ದವರನ್ನು ಕರಡಿ ಕೊಂದಿದೆ.

ಊರಿನೊಳಗೆ ಬಂದೂಕು ಇಲ್ಲ. ಅಲ್ಲಿ ಬೇರೆ ಏರ್ಪಾಡು. ಯಾವ ಕಟ್ಟಡದ ಬಾಗಿಲಿಗೂ ಬೀಗ ಹಾಕುವಂತಿಲ್ಲ. ಕರಡಿ ಕಂಡರೆ ಹತ್ತಿರದ ಬಾಗಿಲು ಯಾರದ್ದಾದರೂ ಸರಿ, ತಳ್ಳಿಕೊಂಡು ಒಳಗೆ ಹೋಗಬೇಕು. ಮೊದಮೊದಲು ರಾತ್ರಿ ಮಲಗುವ ಮುಂಚೆ ಬೋಲ್ಟ್ ಹಾಕಲು ಕೈ ತಾನಾಗಿ ಹೋಗುತ್ತಿತ್ತು.

ಸಕಲೇಶಪುರದ ಕಾಫಿ:
ಬೀಗ ಹಾಕದ ಊರು! ನಮ್ಮ ಕಡೆ ಆನೆ ತೋಟಕ್ಕೆ ಬಂತು ಅಂದರೆ ಮೊಬೈಲ್‌ಗೆ ಮೆಸೇಜ್ ಬರುತ್ತೆ, ರಸ್ತೆಯಲ್ಲಿ ಬೋರ್ಡ್ ಮಿನುಗುತ್ತೆ. ಆದರೂ ಪ್ರತಿ ವರ್ಷ ಜನ ಸಾಯ್ತಾರೆ. ಅವರ ಶಿಸ್ತು ನಮ್ಮಲ್ಲಿ ಯಾಕೆ ಬರಲ್ಲ?

ಫ್ಯೋರ್ಡ್ ಕೆಸರು:
ಇದನ್ನು ನಾನು ಒಪ್ಪುವುದಿಲ್ಲ ಸರ್. ಅಲ್ಲಿ ಯಾರದ್ದೂ ಗದ್ದೆ ಇಲ್ಲ, ತೋಟ ಇಲ್ಲ, ಶಾಲೆಗೆ ನಡೆದು ಹೋಗುವ ಮಕ್ಕಳಿಲ್ಲ. ಇರುವವರೆಲ್ಲ ಸಂಬಳಕ್ಕೆ ಬಂದವರು, ಕೆಲಸ ಮುಗಿದ ಮೇಲೆ ಮನೆಗೆ ಹೋಗುವವರು. ಕರಡಿ ಬಂತು ಅಂದರೆ ಆ ದಿನದ ಕೆಸರು ನಾಳೆ ತೆಗೆಯುತ್ತೇವೆ, ನಷ್ಟ ಅಷ್ಟೇ. ಬೆಳಿಗ್ಗೆ ಆರಕ್ಕೆ ಕಾಫಿ ಕೊಯ್ಯಲು ಹೋಗಲೇಬೇಕಾದ ಹೆಂಗಸಿಗೆ ಆ ಅನುಕೂಲ ಎಲ್ಲಿದೆ? ಅಲ್ಲಿನ ಶಿಸ್ತು ಒಳ್ಳೆಯದೇ, ಆದರೆ ಅದನ್ನು ಮಲೆನಾಡಿನವರಿಗೆ ಪಾಠ ಮಾಡುವುದು ಬೇಡ.

ಸಕಲೇಶಪುರದ ಕಾಫಿ:
ಸರಿಯಾಗಿ ಹೇಳಿದ್ರಿ ಬಿಡಿ.

ಮಾಗಡಿ ಕೆರೆ:
ನಾನು ಗದಗ ಜಿಲ್ಲೆಯವನು. ನಮ್ಮ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತು ಬರುತ್ತವೆ. ಅವು ಮಂಗೋಲಿಯಾ, ಟಿಬೆಟ್ ಕಡೆಯವು. ನಿಮ್ಮ ಊರಿನ ಹೆಬ್ಬಾತು ಯಾವುದು ಮೇಡಂ? ಚಳಿಗಾಲಕ್ಕೆ ಅವು ಎಲ್ಲಿಗೆ ಹೋಗುತ್ತವೆ?

ಫ್ಯೋರ್ಡ್ ಕೆಸರು:
ಇದಕ್ಕೇ ಕಾಯುತ್ತಿದ್ದೆ! ಕರಡಿಗಿಂತ ನನ್ನ ತಲೆ ತಿಂದಿದ್ದು ಹೆಬ್ಬಾತು.

ಅಲ್ಲಿಯದು ಬಾರ್ನಕಲ್ ಹೆಬ್ಬಾತು. ಮುಖ ಬಿಳಿ, ಕತ್ತು ಕಪ್ಪು, ಬೆನ್ನು ಬೂದು. ಮೇ ಕೊನೆಗೆ ಬರುತ್ತವೆ. ಚಳಿಗಾಲ ಕಳೆಯುವುದು ಸ್ಕಾಟ್‌ಲೆಂಡ್ ಮತ್ತು ಇಂಗ್ಲೆಂಡ್ ಗಡಿಯ ಸಾಲ್ವೇ ಕೊಲ್ಲಿಯಲ್ಲಿ. 1940ರ ದಶಕದ ಕೊನೆಗೆ ಈ ಗುಂಪಿನಲ್ಲಿ ಸುಮಾರು 300 ಹಕ್ಕಿ ಮಾತ್ರ ಉಳಿದಿದ್ದವು. ಬೇಟೆ ನಿಲ್ಲಿಸಿ ಜಾಗ ಕಾಪಾಡಿದ ಮೇಲೆ ಹತ್ತಾರು ಸಾವಿರಕ್ಕೆ ಏರಿವೆ. ನೆದರ್ಲೆಂಡ್ಸ್ ಕೇಂದ್ರದವರು ದಶಕಗಳಿಂದ ಇವನ್ನೇ ಹಿಂಬಾಲಿಸುತ್ತಿದ್ದಾರೆ. ಕಾಲಿಗೆ ಬಣ್ಣದ ಬಳೆ, ಅದರ ಮೇಲೆ ಅಕ್ಷರ. ಯಾವ ಗಂಡಿಗೆ ಯಾವ ಹೆಣ್ಣು, ಹೋದ ವರ್ಷ ಎಷ್ಟು ಮರಿ ಉಳಿದವು, ಎಲ್ಲ ಅವರ ಪುಸ್ತಕದಲ್ಲಿದೆ.

ಜುಲೈನಲ್ಲಿ ಮರಿಗಳು ಊರೊಳಗೇ ಹುಲ್ಲು ಮೇಯುತ್ತವೆ. ಗಣಿ ಕಾಲದ ಗೊಬ್ಬರ ಬಿದ್ದ ನೆಲ, ಹುಲ್ಲು ಚೆನ್ನಾಗಿದೆ. ಅದೇ ಹೊತ್ತಿಗೆ ದೊಡ್ಡವಕ್ಕೆ ರೆಕ್ಕೆಯ ಗರಿ ಉದುರಿ ಕೆಲವು ವಾರ ಹಾರಲಾಗುವುದಿಲ್ಲ. ನರಿಗೆ ಇದು ಗೊತ್ತು.

ಮನೆಗಳೆಲ್ಲ ಕಂಬದ ಮೇಲೆ ನಿಂತಿವೆ, ಕೆಳಗೆ ಖಾಲಿ ಜಾಗ. ಒಂದು ಬೆಳಿಗ್ಗೆ ನಾನು ಬೂಟು ಕಟ್ಟುತ್ತಾ ಮೆಟ್ಟಿಲ ಮೇಲೆ ಕೂತಿದ್ದೆ. ಹಲಗೆಯ ಕೆಳಗಿಂದ ನರಿ ಹೊರಗೆ ಬಂತು. ಕಂದು ಬೆನ್ನು, ಮಾಸಲು ಹೊಟ್ಟೆ, ತೊಡೆಯಲ್ಲಿ ಇನ್ನೂ ಚಳಿಗಾಲದ ಬಿಳಿ ಕೂದಲಿನ ಗೊಂಚಲು ಜೋತಾಡುತ್ತಿತ್ತು. ನನ್ನನ್ನು ಒಮ್ಮೆ ನೋಡಿ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹೆಬ್ಬಾತುಗಳ ಗುಂಪು ತಲೆ ಎತ್ತಿತು. ಒಂದೇ ಸಲ ಎಲ್ಲವೂ ಕೆರೆಯ ಕಡೆ ಓಟ, ಮರಿಗಳು ನಡುವೆ, ದೊಡ್ಡವು ರೆಕ್ಕೆ ಬಿಚ್ಚಿಕೊಂಡು ಪಕ್ಕದಲ್ಲಿ. ಹಿಂದುಳಿದ ಒಂದು ಮರಿಯನ್ನು ನರಿ ಕಚ್ಚಿಕೊಂಡಿತು. ಎಷ್ಟು ಹೊತ್ತೂ ಆಗಲಿಲ್ಲ. ತಿನ್ನಲೂ ಇಲ್ಲ, ದೂರ ಹೋಗಿ ಮಣ್ಣು ಕೆದಕಿ ಹೂತಿಟ್ಟು ಮತ್ತೆ ಬಂತು. ಅದಕ್ಕೂ ಮನೆಯಲ್ಲಿ ಮರಿಗಳಿರುತ್ತವೆ, ಮುಂದೆ ಚಳಿಗಾಲವೂ ಇದೆ.

ದಾವಣಗೆರೆ ಬೆಣ್ಣೆ:
ಅಯ್ಯೋ ಪಾಪ. ನೀವು ಓಡಿಸಬಹುದಿತ್ತಲ್ವಾ?

ಫ್ಯೋರ್ಡ್ ಕೆಸರು:
ಇಲ್ಲ. ಓಡಿಸುವ ಹಾಗಿಲ್ಲ, ಊಟ ಹಾಕುವ ಹಾಗೂ ಇಲ್ಲ. ಅಲ್ಲಿನ ನರಿಗಳಲ್ಲಿ ರೇಬಿಸ್ ಇದೆ, ಅದಕ್ಕೇ ಸ್ವಾಲ್ಬಾರ್ಡ್‌ನಲ್ಲಿ ಬೆಕ್ಕು ಸಾಕುವುದಕ್ಕೇ ನಿಷೇಧ. ಮುದ್ದಾಗಿದೆ ಅಂತ ಕೈ ಚಾಚಿದರೆ ಮುಗಿಯಿತು ಕಥೆ.

ಟ್ರೊಮ್ಸೊ ಕನ್ನಡತಿ:
ಟರ್ನ್ ಬಗ್ಗೆ ಹೇಳಲೇ ಇಲ್ಲ ನೀವು! ನನಗೆ ಕರಡಿಗಿಂತ ಅದೇ ಭಯ.

ಫ್ಯೋರ್ಡ್ ಕೆಸರು:
ಹಹ್ಹ, ಹೌದು. ಆರ್ಕ್‌ಟಿಕ್ ಟರ್ನ್, ನಮ್ಮ ರೀವ ಹಕ್ಕಿಗಳ ಬಳಗ. ತೂಕ ಬರೀ 100 ಗ್ರಾಂ. ಇಲ್ಲಿ ಮರಿ ಮಾಡಿ ಅಂಟಾರ್ಕ್‌ಟಿಕಾದವರೆಗೆ ಹೋಗಿ ವಾಪಸ್ ಬರುವ ಹಕ್ಕಿ. ಗ್ರೀನ್‌ಲೆಂಡ್‌ನಲ್ಲಿ ಸಾಧನ ಕಟ್ಟಿ ಅಳೆದಾಗ ವರ್ಷಕ್ಕೆ ಸರಾಸರಿ 70,000 ಕಿಲೋಮೀಟರ್ ಮೀರಿತ್ತು.

ಅಷ್ಟು ದೂರ ಹಾರಿ ಬಂದು ಗೂಡು ಮಾಡುವುದು ಎಲ್ಲಿ? ನಾವು ಊಟಕ್ಕೆ ಹೋಗುವ ದಾರಿಯ ಅಂಚಿನ ಜಲ್ಲಿಯಲ್ಲಿ. ಹತ್ತಿರ ಹೋದರೆ ಕಿರ್ರೆಂದು ಕಿರುಚಿಕೊಂಡು ನೆತ್ತಿಗೇ ಎರಗುತ್ತದೆ. ಕೊಕ್ಕು ಚೂಪು, ರಕ್ತ ಬರುತ್ತದೆ. ಅದು ಕುಟುಕುವುದು ಎತ್ತರವಾಗಿರುವ ತುದಿಯನ್ನು. ಹಾಗಾಗಿ ಎಲ್ಲರೂ ತಲೆಯ ಮೇಲೆ ಕೋಲು ಎತ್ತಿ ಹಿಡಿದುಕೊಂಡು ನಡೆಯುತ್ತಾರೆ. ದೊಡ್ಡ ದೊಡ್ಡ ಪ್ರೊಫೆಸರ್‌ಗಳೆಲ್ಲ ಕೋಲು ಎತ್ತಿಕೊಂಡು ಸಾಲಾಗಿ ಊಟಕ್ಕೆ ಹೋಗುವುದನ್ನು ನೋಡಬೇಕು ನೀವು. ಕೋಲಿನಿಂದ ಕುಟುಕು ತಪ್ಪುತ್ತದೆ, ಹಿಕ್ಕೆ ತಪ್ಪುವುದಿಲ್ಲ.

ಲೆಕ್ಕಪತ್ರ:
ಎಲ್ಲ ಚೆನ್ನಾಗಿದೆ. ಆದರೆ ಕೇಳಲೇಬೇಕು. ನಮ್ಮ ತೆರಿಗೆ ದುಡ್ಡಲ್ಲಿ ಅಷ್ಟು ದೂರ ಹೋಗಿ ಕೆಸರು ತೆಗೆದರೆ ಇಲ್ಲಿನ ರೈತನಿಗೆ ಏನು ಲಾಭ?

ಫ್ಯೋರ್ಡ್ ಕೆಸರು:
ನ್ಯಾಯವಾದ ಪ್ರಶ್ನೆ. ನನ್ನ ಕೆಸರಿನಿಂದ ನೇರವಾಗಿ ಏನೂ ಇಲ್ಲ, ಸುಮ್ನೆ ಬಣ್ಣ ಹಚ್ಚುವುದಿಲ್ಲ. ಆದರೆ 2014ರ ಜುಲೈನಲ್ಲಿ ನಮ್ಮವರು ಇಂಡಾರ್ಕ್ ಎಂಬ ಸಾಧನಗಳ ಸರಣಿಯನ್ನು ಅದೇ ಫ್ಯೋರ್ಡ್‌ನಲ್ಲಿ 192 ಮೀಟರ್ ಆಳದಲ್ಲಿ ಇಳಿಸಿದರು. ನೀರಿನ ಬಿಸಿ, ಉಪ್ಪು, ಹರಿವು ವರ್ಷವಿಡೀ ಅಳೆಯುವುದಕ್ಕೆ. ಎನ್‌ಸಿಪಿಒಆರ್‌ನವರು ಸೇರಿ 2021ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಆರ್ಕ್‌ಟಿಕ್‌ನ ಕಾರಾ ಸಮುದ್ರದಲ್ಲಿ ಬೇಸಿಗೆಯ ಮಂಜುಗಡ್ಡೆ ತೀರಾ ಕಡಿಮೆಯಾದ ವರ್ಷಗಳಿಗೂ ಮಧ್ಯ ಭಾರತದಲ್ಲಿ ಸೆಪ್ಟೆಂಬರ್‌ನ ಅತಿಮಳೆಗೂ ಸಂಬಂಧ ಇರಬಹುದು ಎಂದು. ಇರಬಹುದು ಅಷ್ಟೇ, ಸಾಬೀತಾಗಿದೆ ಎಂದು ನಾನು ಹೇಳುತ್ತಿಲ್ಲ. ಕೊಯ್ಲಿನ ಹೊತ್ತಿಗೆ ಬೀಳುವ ಮಳೆ ರೈತನಿಗೆ ಏನು ಮಾಡುತ್ತದೆ ಎಂದು ನಿಮಗೇ ಗೊತ್ತು.

ಲೆಕ್ಕಪತ್ರ:
ಪೂರ್ತಿ ಒಪ್ಪಿಗೆ ಇಲ್ಲ. ಆದರೂ ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್.

ರೇಡಿಯೊ ಹುಚ್ಚು:
ಅಲ್ಲಿ ಮೊಬೈಲ್ ಬಳಸಂಗಿಲ್ಲವಂತೆ, ನಿಜವಾ?

ಫ್ಯೋರ್ಡ್ ಕೆಸರು:
ನಿಜ. ವೈಫೈ, ಬ್ಲೂಟೂತ್ ಎರಡೂ ಬಂದ್, ಫೋನ್ ಫ್ಲೈಟ್ ಮೋಡ್‌ನಲ್ಲಿ. ಊರಿನ ಪಕ್ಕದಲ್ಲಿ ದೊಡ್ಡ ರೇಡಿಯೊ ಆಂಟೆನಾಗಳಿವೆ. ಆಕಾಶದಲ್ಲಿ ತುಂಬಾ ದೂರದಲ್ಲಿ ಹೊಳೆಯುವ ಕಾಯಗಳಾದ ಕ್ವೇಸಾರ್‌ಗಳ ಸಿಗ್ನಲ್ ಹಿಡಿದು ಭೂಮಿಯ ಚಲನೆ, ನೆಲದ ಏರಿಳಿತ ಅಳೆಯುತ್ತವೆ. ನಮ್ಮ ಒಂದು ವೈಫೈ ಡಬ್ಬಿ ಸಾಕು ಅದನ್ನು ಕೆಡಿಸಲು. ಸುತ್ತ 20 ಕಿಲೋಮೀಟರ್ ನಿಯಮ ಇದೆ. ಇಂಟರ್ನೆಟ್ ಬೇಕಾದರೆ ತಂತಿ ಚುಚ್ಚಬೇಕು. ಹೊರಗೆ ಹೋದಾಗ ವಿಎಚ್‌ಎಫ್ ವಾಕಿಟಾಕಿ, ಅದರ ಆವರ್ತನ ಕಡಿಮೆ ಇರುವುದರಿಂದ ತೊಂದರೆ ಇಲ್ಲ.

ಇದರ ಲಾಭ ಏನು ಗೊತ್ತಾ? ಊಟದ ಮೇಜಲ್ಲಿ ಯಾರ ಕೈಯಲ್ಲೂ ಫೋನ್ ಇಲ್ಲ. ಮಾತಾಡಲೇಬೇಕು.

ರೇಡಿಯೊ ಹುಚ್ಚು:
ಈಗ ಅರ್ಥವಾಯಿತು! 2023ರ ಡಿಸೆಂಬರ್‌ನಲ್ಲಿ ಭಾರತದ ಮೊದಲ ಚಳಿಗಾಲದ ತಂಡ ಹೋದಾಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಅಲ್ಲಿನ ರೇಡಿಯೊ ಗದ್ದಲ ಎಷ್ಟು ಕಡಿಮೆ ಎಂದು ಅಳೆಯಲು. ಅವರದೇ 'ಸಾರಸ್' ಉಪಕರಣ 2020ರಲ್ಲಿ ನಮ್ಮ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿತ್ತು. ವಿಶ್ವದ ಮೊದಲ ನಕ್ಷತ್ರಗಳ ಕಾಲದ ಸಿಗ್ನಲ್ ಹುಡುಕುವುದು ಅವರ ಕೆಲಸ.

ಮಾಗಡಿ ಕೆರೆ:
ಚಳಿಗಾಲದಲ್ಲಿ ಹೆಬ್ಬಾತು ಹೋದ ಮೇಲೆ ಅಲ್ಲಿ ಏನು ಉಳಿಯುತ್ತದೆ?

ಟ್ರೊಮ್ಸೊ ಕನ್ನಡತಿ:
ಇದಕ್ಕೆ ನಾನು ಹೇಳುತ್ತೇನೆ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಮೊದಲು ವಿಜ್ಞಾನಿಗಳೇ "ಆ ಕತ್ತಲಲ್ಲಿ ಸಮುದ್ರ ಮಲಗಿರುತ್ತದೆ" ಅಂದುಕೊಂಡಿದ್ದರು. ಕಾಂಗ್ಸ್‌ಫ್ಯೋರ್ಡ್‌ನಲ್ಲೇ ನೋಡಿದಾಗ ಹಾಗಿರಲಿಲ್ಲ. ಕಡಲಹಕ್ಕಿಗಳು ಕತ್ತಲಲ್ಲೇ ಮುಳುಗಿ ತಿನ್ನುತ್ತಿದ್ದವು. ನೀರಿನ ಸಣ್ಣ ಜೀವಿಗಳು ಬೆಳದಿಂಗಳಿಗೆ ಹೆದರಿ, ಹುಣ್ಣಿಮೆಯ ಆಸುಪಾಸು ಆಳಕ್ಕೆ ಇಳಿಯುತ್ತವೆ.

ನೆಲದ ಮೇಲೆ ನರಿ, ಪ್ಟಾರ್ಮಿಗನ್ ಎಂಬ ಕೋಳಿ ಜಾತಿಯ ಹಕ್ಕಿ, ಮತ್ತೆ ಹಿಮಸಾರಂಗ. ಈ ಸಾರಂಗಗಳದ್ದೇ ಕಷ್ಟದ ಬಾಳು. ಚಳಿಗಾಲದ ನಡುವೆ ಈಗ ಮಳೆ ಬೀಳುತ್ತದೆ. ಮಳೆ ನೀರು ಹಿಮದೊಳಗೆ ಇಳಿದು ನೆಲದ ಮೇಲೆ ಗಟ್ಟಿ ಮಂಜುಗಡ್ಡೆ ಆಗುತ್ತದೆ. ಕೆಳಗೆ ಮೇವು ಇದೆ, ಗೊರಸಿಗೆ ಸಿಗುವುದಿಲ್ಲ. ಅಂಥ ವರ್ಷ ದಡಕ್ಕೆ ಇಳಿದು ಕಡಲಕಳೆ ತಿನ್ನುತ್ತವೆ.

ಫ್ಯೋರ್ಡ್ ಕೆಸರು:
ಅವನ್ನು ಬೇಸಿಗೆಯಲ್ಲಿ ನೋಡಿದರೆ ನಂಬುವುದಿಲ್ಲ. ಗಿಡ್ಡ ಕಾಲು, ದುಂಡು ಮೈ, ಪ್ರಯೋಗಾಲಯದ ಕಿಟಕಿಯ ಕೆಳಗೇ ಮೇಯುತ್ತವೆ. ಕಿತ್ತ ಹುಲ್ಲಿನ ಶಬ್ದ ಒಳಗೆ ಕೇಳಿಸುತ್ತದೆ. ಬೇಟೆಯಾಡಿ ಈ ಭಾಗದಲ್ಲಿ ಅಳಿದೇ ಹೋಗಿದ್ದವು, 1978ರಲ್ಲಿ ಬೇರೆ ಕಡೆಯಿಂದ ತಂದು ಬಿಟ್ಟಿದ್ದು.

ದಾವಣಗೆರೆ ಬೆಣ್ಣೆ:
ಊಟ? ಊಟ? ಯಾರೂ ಕೇಳ್ತಿಲ್ಲ!

ಫ್ಯೋರ್ಡ್ ಕೆಸರು:
ಎಲ್ಲ ದೇಶದವರಿಗೂ ಒಂದೇ ಮೆಸ್. ಬಾಗಿಲಲ್ಲಿ ಬೂಟು ಬಿಚ್ಚಿ ಸಾಕ್ಸ್‌ನಲ್ಲಿ ಒಳಗೆ ಹೋಗಬೇಕು. ಗಣಿ ಕಾಲದಿಂದ ಬಂದ ರೂಢಿ, ಕಲ್ಲಿದ್ದಲ ಮಸಿ ಒಳಗೆ ಬರಬಾರದು ಎಂದು. ನಮಗೆ ಇದೊಂದು ಹೊಸದಲ್ಲ. ಬ್ರೆಡ್, ಚೀಸ್, ಮೀನು, ಆಲೂಗಡ್ಡೆ. ರಾತ್ರಿ ಊಟ ನಮ್ಮ ಸಂಜೆಯ ಕಾಫಿ ಹೊತ್ತಿಗೆ ಮುಗಿದುಬಿಡುತ್ತದೆ. ಆಮೇಲೆ ಹಸಿವಾದರೆ ಏನು ಮಾಡುವುದು ಅಂತ ಚಟ್ನಿಪುಡಿ, ಅವಲಕ್ಕಿ ಇಟ್ಟುಕೊಂಡಿದ್ದೆ. ಸಸ್ಯಾಹಾರಿಗಳಿಗೂ ಮಾಡಿಕೊಡುತ್ತಾರೆ, ಆದರೆ ಖಾರ ಅನ್ನುವುದು ಇಲ್ಲ. ಬೇಯಿಸಿದ ಆಲೂಗಡ್ಡೆಗೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡಿದ್ದನ್ನು ಜರ್ಮನಿಯ ಹುಡುಗನೊಬ್ಬ ನೋಡಿ ರುಚಿ ಕೇಳಿದ. ಪಾಕೆಟ್ ಅವನ ಮೇಜಿಗೆ ಹೋಯಿತು, ವಾಪಸ್ ಬರಲಿಲ್ಲ. ಶನಿವಾರ ಎಲ್ಲರೂ ಒಳ್ಳೆ ಬಟ್ಟೆ ಹಾಕಿಕೊಂಡು ಊಟಕ್ಕೆ ಬರುವುದು ರೂಢಿ. ನನ್ನ ಇಳಕಲ್ ಸೀರೆಗೆ ಕೆಳಗೆ ಥರ್ಮಲ್ ಪ್ಯಾಂಟು.

ಸಕಲೇಶಪುರದ ಕಾಫಿ:
ನೆನಪಿಗೆ ಏನಾದ್ರೂ ತಂದ್ರಾ? ಕೊಂಬು ಗಿಂಬು?

ಫ್ಯೋರ್ಡ್ ಕೆಸರು:
ಒಂದು ಮೊಳೆಯನ್ನೂ ತರುವಂತಿಲ್ಲ ಸರ್. 1946ಕ್ಕಿಂತ ಹಿಂದೆ ಮನುಷ್ಯರು ಬಿಟ್ಟುಹೋದ ಎಲ್ಲಕ್ಕೂ ಅಲ್ಲಿ ಕಾನೂನಿನ ರಕ್ಷಣೆ. ಗಣಿಯ ತುಕ್ಕು ಹಿಡಿದ ಡಬ್ಬಿ, ಹಳೇ ಹಲಗೆ, ಧ್ರುವಯಾತ್ರಿ ಅಮುಂಡ್ಸೆನ್ 1926ರಲ್ಲಿ ವಾಯುನೌಕೆ ಕಟ್ಟಿದ ಕಂಬ, ಎಲ್ಲವೂ ಇದ್ದಲ್ಲೇ ಇರಬೇಕು. ನಾನು ತಂದಿದ್ದು ಕೆಸರು ಮಾತ್ರ, ಅದಕ್ಕೂ ಅನುಮತಿ ಪತ್ರ.

ಹೊಸ ಸದಸ್ಯ:
ನಮಸ್ಕಾರ ಮೇಡಂ. ಎಂಎಸ್ಸಿ ಓದುತ್ತಿದ್ದೇನೆ, ಸಾಗರ ವಿಜ್ಞಾನ. ಹೋಗುವುದು ಹೇಗೆ?

ಫ್ಯೋರ್ಡ್ ಕೆಸರು:
ಎನ್‌ಸಿಪಿಒಆರ್ ಸಂಶೋಧನಾ ಪ್ರಸ್ತಾವ ಕರೆಯುತ್ತದೆ, ಅವರ ಜಾಲತಾಣ ನೋಡುತ್ತಿರಿ. ಒಬ್ಬರೇ ವಿದ್ಯಾರ್ಥಿಯಾಗಿ ಕಷ್ಟ, ನಿಮ್ಮ ಗೈಡ್ ಮೂಲಕ ಹಾಕಿಸಿ. ಪ್ರಾಣಿ ನೋಡಬೇಕು ಎಂಬ ಆಸೆಯನ್ನು ಅರ್ಜಿಯಲ್ಲಿ ಬರೆಯಬೇಡಿ.

ಆಯ್ಕೆಯಾದರೆ ವೀಸಾದಲ್ಲಿ ಒಂದು ಎಚ್ಚರಿಕೆ. ಸ್ವಾಲ್ಬಾರ್ಡ್ ಷೆಂಗೆನ್‌ಗೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪು) ಸೇರಿಲ್ಲ. ಓಸ್ಲೋದಿಂದ ಅಲ್ಲಿಗೆ ಹೋದರೆ ಷೆಂಗೆನ್‌ನಿಂದ ಹೊರಗೆ ಹೋದ ಲೆಕ್ಕ. ಒಂದೇ ಪ್ರವೇಶದ ವೀಸಾ ಇದ್ದರೆ ವಾಪಸ್ ಬರುವಾಗ ಸಿಕ್ಕಿಹಾಕಿಕೊಳ್ಳುತ್ತೀರಿ. ಎರಡು ಪ್ರವೇಶದ್ದೇ ಕೇಳಿ. ಓಸ್ಲೋದಿಂದ ಸ್ವಾಲ್ಬಾರ್ಡ್‌ನ ಮುಖ್ಯ ಊರು ಲಾಂಗಿಯರ್‌ಬೈನ್, ಅಲ್ಲಿಂದ ಪುಟ್ಟ ವಿಮಾನದಲ್ಲಿ ಅರ್ಧ ಗಂಟೆಯೂ ಆಗುವುದಿಲ್ಲ. ಸಾಮಾನಿನ ತೂಕಕ್ಕೆ ಮಿತಿ ಇದೆ, ಹಾಗಾಗಿ ಜಾಕೆಟ್ ಮೈಮೇಲೇ ಹಾಕಿಕೊಳ್ಳಿ. ಬೇಸಿಗೆಗೆ ಕಣ್ಣುಪಟ್ಟಿ ಬೇಕೇ ಬೇಕು, ರಾತ್ರಿ ಎರಡು ಗಂಟೆಗೂ ಬಿಸಿಲು ಮುಖಕ್ಕೆ ಹೊಡೆಯುತ್ತದೆ.

ದಾವಣಗೆರೆ ಬೆಣ್ಣೆ:
ನರಿ ಫೋಟೋ ಹಾಕಿ ಅಕ್ಕ, ಇಲ್ಲದಿದ್ರೆ ಈ ಎಳೆ ಬಿಡಲ್ಲ.

ಫ್ಯೋರ್ಡ್ ಕೆಸರು:
ಭಾನುವಾರ ಹಾಕುತ್ತೇನೆ. ಅರ್ಧದಲ್ಲಿ ಬರೀ ಬಾಲ ಇದೆ, ಈಗಲೇ ಹೇಳಿದ್ದೇನೆ.